ಇಪ್ಪತ್ತೆರಡು ಇಂಚು

ಐದಡಿ ಉದ್ದ, ಎರಡಡಿ ಅಗಲ, ಮೂರಡಿ ಎತ್ತರ.
ಕೋಲ್ಡ್ ಸ್ಟೋರೇಜಿನ ಹಳೇ ರಸೀತಿ ಬೆನ್ನಿಗೆ
ಇವರು ಬರೆದುಕೊಂಡು ಬಂದಿದ್ದರು.
ಹಜಾರದಲ್ಲಿ ಸೋಫಾಕ್ಕೆ ಒರಗಿದರೆ
ಗೋಡೆ ತುಂಬ ನೀರು ಕಾಣಬೇಕಂತೆ.

ಸಂತೆಪೇಟೆಯಲ್ಲಿ ಮುನೀರಣ್ಣನ ಗಾಜಿನಂಗಡಿ.
ಗೋಡೆಗೆ ಒರಗಿಸಿಟ್ಟ ಹಾಳೆಗಳಲ್ಲಿ
ನಾವು ಮೂವರು ಹದಿನೈದು ಜನರಾಗಿ ನಿಂತಿದ್ದೆವು.
ಚೀಟಿ ಓದಿ ಆತ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿದ:
"ಉದ್ದ ಎಷ್ಟಾದರೂ ಇಟ್ಕೊಳ್ಳಿ ಸಾರ್,
ನೀರಿಗೆ ಉದ್ದದ ಮೇಲೆ ಸಿಟ್ಟಿಲ್ಲ.
ಎತ್ತರ ಏರಿಸಿದಷ್ಟೂ ಬುಡದಲ್ಲಿ ಒದೆಯುತ್ತೆ.
ಮೂರಡಿ ಅಂದ್ರೆ ಹತ್ತೊಂಬತ್ತು ಎಂಎಂ,
ದುಡ್ಡೂ ದಪ್ಪ, ಎತ್ತೋಕೆ ಆರು ಆಳು."

ಇವರು ತುಟಿಯಲ್ಲೇ ಲೆಕ್ಕ ಹಾಕತೊಡಗಿದರು.
ಇವರಿಗೆ ಲೋಕವೆಲ್ಲ ಬಿತ್ತನೆ ಆಲೂಗಡ್ಡೆ.
ಐವತ್ತು ಕೆಜಿಯ ಇಪ್ಪತ್ತಮೂರು ಮೂಟೆ,
ಹಜಾರದ ಒಂದೇ ಮಗ್ಗುಲಿಗೆ.
ಮುಖ ಸಣ್ಣದಾಯಿತು.

"ಹಂಗಾದ್ರೆ ಟಫನ್ಡ್ ಹಾಕಿ" ಅಂದರು, ಹಟಕ್ಕೆ.
"ಅದು ಗಟ್ಟಿ, ಇಲ್ಲ ಅನ್ನಲ್ಲ.
ಆದರೆ ಹೋಗೋ ದಿನ ಹೇಳದೆ ಕೇಳದೆ
ಒಂದೇ ಸಲಕ್ಕೆ ಕಲ್ಲುಸಕ್ಕರೆಯಾಗಿ ಸುರಿದುಹೋಗುತ್ತೆ.
ಮಾಮೂಲಿ ಗಾಜು ಮೊದಲು ಒಂದು ಗೆರೆ ತೋರಿಸುತ್ತೆ,
ಬಕೆಟ್ ತರೋಷ್ಟು ಹೊತ್ತು ಕೊಡುತ್ತೆ."
ನಮ್ಮ ಮನೆಯಲ್ಲಿ ಎರಡೂ ಬಗೆಯವರಿದ್ದೇವೆ.
ಯಾರು ಯಾವುದೆಂದು ನಾನು ಬಾಯಿಬಿಡಲಿಲ್ಲ.

ಆಮೇಲೆ ಮುನೀರಣ್ಣ ಸುಮ್ಮನೆ ಕೇಳಿದ:
"ತಳ ತೊಳೆಯೋರು ಯಾರು?"
ಇವರು ತಲೆಯೆತ್ತಿ ಫ್ಯಾನು ನೋಡಿದರು.
ನಿಂತೇ ಇತ್ತು ಫ್ಯಾನು, ಕರೆಂಟಿರಲಿಲ್ಲ.
"ಹಂಗಾದ್ರೆ ಅಕ್ಕನ ಕೈ ಅಳೀಬೇಕು" ಅಂದು
ಟೇಪನ್ನು ಇವರ ಕೈಗೆ ಕೊಟ್ಟು
ತಾನು ಆಕಡೆ ತಿರುಗಿ ಡಬ್ಬಿ ಹುಡುಕತೊಡಗಿದ.

ಹದಿನೆಂಟು ವರ್ಷದಲ್ಲಿ ಇವರು
ನನ್ನ ಉಂಗುರದ ಅಳತೆಯನ್ನೂ ತಿಳಿದವರಲ್ಲ.
ಕಂಕುಳಿಂದ ನಡುಬೆರಳ ತುದಿಗೆ
ಟೇಪು ತಣ್ಣಗೆ ಇಳಿಯಿತು.
"ಇಪ್ಪತ್ನಾಲ್ಕು" ಅಂದರು ಮೆಲ್ಲಗೆ,
ಕ್ಲಾಸಿನಲ್ಲಿ ಎದ್ದುನಿಂತ ಹುಡುಗನ ಹಾಗೆ.
"ಎರಡು ಕಳೀರಿ, ರವಿಕೆ ತೋಳು ನೆನೀಬಾರದು.
ಇಪ್ಪತ್ತೆರಡು. ಹನ್ನೆರಡು ಎಂಎಂ ಧಾರಾಳ."

ಮುಂದಿನ ಹಲಗೆಗೆ ಬಿಳಿ ಗಾಜು ಬೇಕಾ?
ಎರಡು ತುಂಡು ತಂದು ಪೇಪರ್ ಮೇಲಿಟ್ಟ.
ಒಂದರಲ್ಲಿ ಅಕ್ಷರ ಅಕ್ಷರದ ಹಾಗೇ ಇತ್ತು,
ಇನ್ನೊಂದರ ಅಂಚಿನಲ್ಲಿ ಕೆರೆಯ ಹಸಿರು,
ನನ್ನ ಬಳೆಯದೇ ಹಸಿರು.
"ಇದೇ ಇರಲಿ" ಅಂದೆ.
ದುಡ್ಡು ಉಳಿಸಿದೆನೆಂದು ಇವರು ಹಿಗ್ಗಿದರು.

ಸೀಮೆಎಣ್ಣೆಗೆ ಅದ್ದಿದ ಕಟರು ಒಮ್ಮೆ ಚಿರ್ರೆಂದಿತು.
ಗೆರೆ ಎಳೆದ ಮೇಲೆ ಆತ ಉಸಿರು ಬಿಗಿಹಿಡಿದು
ಅಡಿಯಿಂದ ತಟ್ಟಿದ, ಮಗುವಿನ ಬೆನ್ನು ತಟ್ಟಿದ ಹಾಗೆ.
ಗಾಜು ಮಾತು ಕೇಳಿತು.

ಸಿಲಿಕೋನಿನ ಹುಳಿವಾಸನೆ ಒಂದು ವಾರ
ಸಾರಿಗೂ ಹತ್ತಿತು, ದಿಂಬಿಗೂ ಹತ್ತಿತು.
ಸ್ಟ್ಯಾಂಡಿನ ಮೇಲೆ ಮಟ್ಟದ ಕೊಳವೆ ಇಟ್ಟರೆ
ಗುಳ್ಳೆ ಜರುಗಿ ಒಂದು ತುದಿಗೆ ಕೂತಿತು.
ನೆಲವೇ ಬಾಗಿಲ ಕಡೆಗೆ ಅರ್ಧ ಇಂಚು ವಾಲಿದೆ!
ಕೈಜಾರಿದ ಈರುಳ್ಳಿ ಇಷ್ಟು ವರ್ಷ
ಯಾಕೆ ಅತ್ತಲೇ ಓಡುತ್ತಿತ್ತೆಂದು ಈಗ ತಿಳಿಯಿತು.
ಎರಡು ಕಾಲಿಗೆ ತಗಡು ಕೊಟ್ಟು, ಮೇಲೆ ಥರ್ಮಾಕೋಲ್ ಹಾಸಿದೆವು.

ಮೂರು ದಿನಕ್ಕೊಮ್ಮೆ ಬರುವ ಹೇಮಾವತಿ
ಅಂದು ರಾತ್ರಿ ಒಂದೂವರೆಗೆ ನಲ್ಲಿಯಲ್ಲಿ ಸಿಳ್ಳೆ ಹಾಕಿದಳು.
ಇವರು ಪೈಪು ಹಿಡಿದರು.
ನಾನು ಟಾರ್ಚು ಹಿಡಿದು ಮೂಲೆಮೂಲೆಗೆ
ಒಣಗಿದ ಪೇಪರ್ ಒತ್ತಿ ಒತ್ತಿ ನೋಡಿದೆ.
ಹತ್ತು ಇಂಚು. ಹದಿನೈದು. ಮರದ ಸ್ಟ್ಯಾಂಡು ಒಮ್ಮೆ ನರಳಿತು.
ಇಬ್ಬರೂ ಮಾತಾಡಲಿಲ್ಲ.
ಹದಿಮೂರು ಮೂಟೆ, ಮೇಲೊಂದಿಷ್ಟು ಚಿಲ್ಲರೆ.
ಪೇಪರ್ ಒಣಗಿಯೇ ಇತ್ತು.

ಮೀನು ಬಿಡಲು ಇನ್ನೂ ತಿಂಗಳು ತಡೆಯಬೇಕು.
ಇವರು ಈಗಲೇ ಸೋಫಾದಲ್ಲಿ ಕೂತು
ಏನೂ ಇಲ್ಲದ ನೀರು ನೋಡುತ್ತಾರೆ.
ನಿನ್ನೆ ಸ್ಟೂಲು ಹತ್ತಿ ತೋಳು ಇಳಿಬಿಟ್ಟೆ.
ಬೆರಳಿಗೆ ಮರಳು ಸಿಕ್ಕಿತು, ರವಿಕೆ ನೆನೆಯಲಿಲ್ಲ.
"ಕೈ ಎಷ್ಟು ಹತ್ತಿರ ಕಾಣ್ತಿದೆ" ಅಂದರು ಆಚೆಯಿಂದ.
ಹಿಂತೆಗೆಯುವಾಗ ಬಳೆ ತಾಗಿ ಟಿಣ್ಣೆಂದಿತು.
"ಹುಷಾರು, ಗೀರು ಬೀಳುತ್ತೆ!"
"ಯಾವ ಗಾಜಿಗೆ?" ಅಂದೆ.